ಶಾಲೆಯ ಗೆಳೆಯರು, ಹಳೆಯ ಹಾಡುಗಳು
(ಶತಮಾನೋತ್ಸವದ ಅಂಗವಾಗಿ ನೀಡಿದ ಉಪನ್ಯಾಸದ ಪಾಠ)



ದೇವಾಲಯವೊಂದು ನೂರು ವರ್ಷ ಪೂರೈಸಿದಾಗ ಮೊದಲು ಅದರ ಕಲ್ಲುಗೋಡೆಗಳನ್ನೂ, ಅದನ್ನು ಕಟ್ಟಿದವರನ್ನೂ, ಸೇವೆ ಸಲ್ಲಿಸಿದ ಗುರುಗಳನ್ನೂ ನೆನೆಯುವುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಬಲ್ಲವರು ಈ ಸಂಚಿಕೆಯಲ್ಲಿ ನೆರವೇರಿಸಿದ್ದಾರೆ. ನನಗೆ ಒಪ್ಪಿಸಿರುವ ವಿಷಯ ಅಷ್ಟು ಗಂಭೀರವೆಂದು ಮೇಲುನೋಟಕ್ಕೆ ತೋರದು. ಹೈಸ್ಕೂಲಿನಲ್ಲಿ ಜೊತೆಗೂಡಿ ಗಿಟಾರು ಬಾರಿಸಿ, ಡ್ರಮ್ಮು ಬಡಿದು ಹಾಡುತ್ತಿದ್ದವರು ಹತ್ತಾರು ವರ್ಷಗಳ ಮೇಲೆ ಮತ್ತೆ ಕೂಡಿ ಅವೇ ಹಾಡುಗಳನ್ನು ಹಾಡುವುದರಲ್ಲಿ ಏನಾದರೂ ಅರ್ಥವುಂಟೆ? ಇಂಥ ಉತ್ಸವದಲ್ಲಿ ಅದಕ್ಕೆ ಸ್ಥಾನ ಸಲ್ಲುವುದೆ? ಇದೇ ಪ್ರಶ್ನೆ. ಕೆಲವು ಹಿರಿಯರಿಗೆ ಇದು ಹುಡುಗಾಟಿಕೆಯಾಗಿ ಕಾಣಬಹುದು. ಕೆಲವು ತರುಣರಿಗೆ ಇದು ಮುದುಕರ ಹಂಬಲವಾಗಿ ಕಾಣಬಹುದು. ಇಬ್ಬರಿಗೂ ಉತ್ತರ ಹೇಳಬೇಕಾಗಿದೆ.

ಹಾಡು ಯಾವ ಭಾಷೆಯದೆಂದು ಕೇಳಿ ಬಾಗಿಲು ತೆರೆಯುವ ನಾಡು ನಮ್ಮದಲ್ಲ. ಬೀದರದ ಓಣಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ. ಔರಾದದ ಕಡೆ ಮನೆಯಲ್ಲೊಂದು ನುಡಿ, ಸಂತೆಯಲ್ಲೊಂದು ನುಡಿ, ಶಾಲೆಯಲ್ಲೊಂದು ನುಡಿ. ಶರಣರ ವಚನ, ಮರಾಠಿ ಅಭಂಗ, ಮೊಹರಮ್ಮಿನ ಪದ, ನಾನಕ್ ಝೀರಾದ ಗುರುದ್ವಾರದ ಕೀರ್ತನೆ, ನಮ್ಮ ದೇವಾಲಯಗಳ ಗೀತೆ, ಇವೆಲ್ಲ ಒಂದೇ ಗಾಳಿಯಲ್ಲಿ ಬೆರೆತುಕೊಂಡು ಬಂದಿವೆ. ಈ ನೆಲದ ಮಕ್ಕಳಿಗೆ ಪರಭಾಷೆಯ ಹಾಡು ಪರದೇಶಿಯಾಗಿ ತೋರಿದ್ದು ಕಡಿಮೆ.

ಶಾಲೆಯಲ್ಲಿ ಕಲಿತದ್ದು ಸಣ್ಣದಲ್ಲವೆಂಬುದನ್ನು ಭಾಲ್ಕಿಯವರಿಗೆ ನಾನು ಹೇಳಬೇಕಾಗಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಉರ್ದುವೇ ರಾಜಭಾಷೆಯಾಗಿದ್ದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1956ರಲ್ಲಿ ಬೀದರ ಕನ್ನಡ ರಾಜ್ಯಕ್ಕೆ ಬಂದಿತು. ಅಲ್ಲಿಯವರೆಗೆ ಆ ನುಡಿಯನ್ನು ಕಾಪಾಡಿದವರಲ್ಲಿ ಶಾಲೆಯ ಕೋಣೆಯ ಮಕ್ಕಳೂ ಸೇರಿದ್ದಾರೆ. ಹದಿಹರೆಯದಲ್ಲಿ ನಾಲಗೆಗೆ ಹತ್ತಿದ ಮಾತು, ಕಿವಿಗೆ ಹತ್ತಿದ ರಾಗ ಮನುಷ್ಯನನ್ನು ಕೊನೆತನಕ ಬಿಡುವುದಿಲ್ಲ.

ಇನ್ನು ಪಾಶ್ಚಾತ್ಯ ವಾದ್ಯಗಳ ಹಾಡು ನಮ್ಮ ಕಡೆ ಬಂದ ದಾರಿಯನ್ನು ನೋಡೋಣ. ಒಂದು ತಲೆಮಾರಿಗೆ ಅದನ್ನು ತಂದದ್ದು ರೇಡಿಯೋ. ಸಿಂಹಳದಿಂದ ಪ್ರಸಾರವಾಗುತ್ತಿದ್ದ ರೇಡಿಯೋ ಸಿಲೋನ್ ಹಿಂದೀ ಚಿತ್ರಗೀತೆಗಳನ್ನೂ ಇಂಗ್ಲಿಷ್ ಹಾಡುಗಳನ್ನೂ ಭಾರತದ ಮೂಲೆಮೂಲೆಗೆ ಮುಟ್ಟಿಸಿತು. 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕೊಡಗು ಮನೆತನದ ಬಿದ್ದು ಅಪ್ಪಯ್ಯ ಎಂಬ ಹುಡುಗ ಅದನ್ನೇ ಕೇಳುತ್ತ ಗಿಟಾರು ಕಲಿತು, ಗೆಳೆಯರೊಡನೆ 'ಟ್ರೋಜನ್ಸ್' ಎಂಬ ವಾದ್ಯಮೇಳ ಕಟ್ಟಿದ. ಆ ಹುಡುಗರು ಕಲಕತ್ತೆ, ಮುಂಬಯಿಗಳ ಹೋಟೆಲುಗಳಲ್ಲಿ ಹಾಡಿದರು. ಬಿದ್ದು 1967ರಲ್ಲಿ ಇಂಗ್ಲೆಂಡಿಗೆ ತೆರಳಿದರು. 1974ರಲ್ಲಿ ಅವರು ನಿರ್ಮಿಸಿದ ಹಾಡೊಂದು ಜಗತ್ತಿನಾದ್ಯಂತ ಮಾರಾಟವಾಯಿತು. 1980ರ 'ಕುರ್ಬಾನಿ' ಚಿತ್ರದಲ್ಲಿ ನಾಜಿಯಾ ಹಸನ್ ಹಾಡಿದ ಗೀತೆ ಮದುವೆಯ ಬ್ಯಾಂಡಿನವರ ಬಾಯಿಪಾಠವಾಯಿತು. ಅದರ ರಾಗಸಂಯೋಜನೆಯೂ ಬಿದ್ದು ಅವರದೇ. ಹುಡುಗರ ಗಿಟಾರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಮೊದಲೇ ಹೇಳಬಲ್ಲವರಾರು?

ಆದರೆ ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಜಗತ್ಪ್ರಸಿದ್ಧರಾಗಿ ಹೋದವರ ಕಥೆಯನ್ನಲ್ಲ. ಹಿಂದೆ ಉಳಿದವರ ಕಥೆಯನ್ನು. ಅದು ನಡೆದದ್ದು ದೂರದ ಲಿವರ್‌ಪೂಲಿನಲ್ಲಿ, ಒಂದು ಚರ್ಚಿನ ಅಂಗಳದಲ್ಲಿ.

1956ರಲ್ಲಿ ಲಿವರ್‌ಪೂಲಿನ ಕ್ವಾರಿ ಬ್ಯಾಂಕ್ ಹೈಸ್ಕೂಲಿನ ಜಾನ್ ಲೆನನ್ ಎಂಬ ವಿದ್ಯಾರ್ಥಿ ಸಹಪಾಠಿಗಳನ್ನು ಕೂಡಿಸಿ ಒಂದು ಮೇಳ ಕಟ್ಟಿದ. ಶಾಲಾಗೀತೆಯಲ್ಲಿ ಬರುವ ಶಬ್ದವನ್ನೇ ತೆಗೆದುಕೊಂಡು ಅದಕ್ಕೆ 'ಕ್ವಾರಿಮೆನ್' ಎಂದು ಹೆಸರಿಟ್ಟರು. ಕಲ್ಲುಗಣಿಯವರು ಎಂದು ಅದರರ್ಥ. ಆಗ ಇಂಗ್ಲೆಂಡಿನಲ್ಲಿ 'ಸ್ಕಿಫಲ್' ಎಂಬ ಬಡವರ ಸಂಗೀತದ ಹುಚ್ಚು ಹಬ್ಬಿದ್ದಿತು. ಅದಕ್ಕೆ ಬೆಲೆಬಾಳುವ ವಾದ್ಯಗಳು ಬೇಕಾಗಿರಲಿಲ್ಲ. ಒಂದೆರಡು ಅಗ್ಗದ ಗಿಟಾರುಗಳಾದರೆ ಸಾಕು. ಬಟ್ಟೆ ಉಜ್ಜುವ ಗೀರುಹಲಗೆಯನ್ನು ಬೆರಳಿಗೆ ಅಂಗುಸ್ತಾನ ತೊಟ್ಟು ಕೆರೆದರೆ ತಾಳ. ಚಹಾಪುಡಿ ತುಂಬಿ ಬರುತ್ತಿದ್ದ ಮರದ ಪೆಟ್ಟಿಗೆಯನ್ನು ಬೋರಲು ಹಾಕಿ, ಅದಕ್ಕೊಂದು ಕೋಲು ನಿಲ್ಲಿಸಿ, ದಾರ ಬಿಗಿದು ಮೀಟಿದರೆ ಮಂದ್ರಸ್ವರ. ನಮ್ಮ ಚೌಡಿಕೆಯನ್ನು ಕಂಡವರಿಗೆ ಇದರ ರಹಸ್ಯ ತಿಳಿಯುತ್ತದೆ: ದಾರವನ್ನು ಬಿಗಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಬಡತನದಲ್ಲಿ ಹಾಡುವವರ ಜಾಣತನ ಎಲ್ಲ ದೇಶಗಳಲ್ಲಿಯೂ ಒಂದೇ.

1957ರ ಜುಲೈ 6ರಂದು ಶನಿವಾರ ವೂಲ್ಟನ್ ಬಡಾವಣೆಯ ಸಂತ ಪೇತ್ರರ ಚರ್ಚಿನಲ್ಲಿ ವಾರ್ಷಿಕ ಜಾತ್ರೆ. ಅದು ಆಂಗ್ಲಿಕನ್ ಪಂಗಡದ ಚರ್ಚು. ಜಾನ್ ಬಾಲ್ಯದಲ್ಲಿ ಅದೇ ಚರ್ಚಿನ ಗಾಯನವೃಂದದಲ್ಲಿ ಹಾಡಿದವನು. ಅಂದು ಈ ಹುಡುಗರು ಮೆರವಣಿಗೆಯಲ್ಲಿ ಲಾರಿಯ ಮೇಲೆ ಕುಳಿತು ಬಾರಿಸುತ್ತ ಬಂದರು. ಮಧ್ಯಾಹ್ನ ಚರ್ಚಿನ ಹಿಂದಿನ ಮೈದಾನದಲ್ಲಿ ಹಾಡಿದರು. ರಾತ್ರಿ ಎದುರಿನ ಸಭಾಭವನದಲ್ಲಿ ಮತ್ತೆ ಹಾಡಿದರು. ಮುದ್ರಿತ ಕಾರ್ಯಕ್ರಮಪಟ್ಟಿಯಲ್ಲಿ ಇವರ ಎರಡು ಸರದಿಗಳ ನಡುವೆ ಪೊಲೀಸ್ ನಾಯಿಗಳ ಪ್ರದರ್ಶನವಿದ್ದಿತು! ಇವರಿಗೆ ಸಿಕ್ಕಿದ್ದ ಮರ್ಯಾದೆ ಅಷ್ಟು. ಆ ದಿನ ಐವನ್ ವಾನ್ ಎಂಬ ಗೆಳೆಯ ತನ್ನ ಸಹಪಾಠಿಯೊಬ್ಬನನ್ನು ಕರೆತಂದು ಜಾನನಿಗೆ ಪರಿಚಯಿಸಿದ. ಹದಿನೈದು ವರ್ಷದ ಆ ಹುಡುಗನೇ ಪಾಲ್ ಮೆಕಾರ್ಟ್ನಿ. ಕ್ಯಾಥೋಲಿಕ ತಾಯಿಯ ಮಗ. ತಾಯಿಯನ್ನು ಕಳೆದುಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮರುವರ್ಷ ಜುಲೈಯಲ್ಲಿ ಜಾನನೂ ತಾಯಿಯನ್ನು ಕಳೆದುಕೊಂಡ. ಈ ಇಬ್ಬರು ತಬ್ಬಲಿಗಳ ಸ್ನೇಹದಿಂದ ಮುಂದೆ 'ಬೀಟಲ್ಸ್' ಬೆಳೆದದ್ದನ್ನು ಲೋಕವೇ ಬಲ್ಲದು.

ಅಂದು ಜಾನನೊಡನೆ ವೇದಿಕೆಯ ಮೇಲೆ ಇನ್ನೂ ಐವರಿದ್ದರು. ಗಿಟಾರಿನ ಎರಿಕ್ ಗ್ರಿಫಿತ್ಸ್, ಬ್ಯಾಂಜೋದ ರಾಡ್ ಡೇವಿಸ್, ಗೀರುಹಲಗೆಯ ಪೀಟ್ ಶಾಟನ್, ಚಹಾಪೆಟ್ಟಿಗೆಯ ಲೆನ್ ಗ್ಯಾರಿ, ಡ್ರಮ್ಮಿನ ಕಾಲಿನ್ ಹ್ಯಾಂಟನ್. ಇವರು ಏನಾದರು?

ಒಬ್ಬೊಬ್ಬರಾಗಿ ಹೊರಬಿದ್ದರು. ಮೇಳ ಸ್ಕಿಫಲ್ ಬಿಟ್ಟು ರಾಕ್ ಸಂಗೀತದತ್ತ ವಾಲಿದಂತೆ ಬ್ಯಾಂಜೋ ಬೇಡವಾಯಿತು. ರಾಡ್ ಓದಿನ ಕಡೆ ನಡೆದ. ಒಂದು ಸಂಜೆ ಜಾನ್ ಗೀರುಹಲಗೆಯನ್ನು ಪೀಟನ ತಲೆಗೇ ಹಾಕಿ ಮುರಿದ. ಗೆಳೆತನ ಮುರಿಯಲಿಲ್ಲ, ಆದರೆ ಪೀಟನ ವಾದನ ಅಲ್ಲಿಗೆ ಮುಗಿಯಿತು. ಲೆನ್ ಮೆದುಳುಪೊರೆಯ ಕಾಯಿಲೆಯಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ. 1958ರಲ್ಲಿ ಜಾರ್ಜ್ ಹ್ಯಾರಿಸನ್ ಬಂದಾಗ ಗಿಟಾರು ಬಾರಿಸುವವರು ಹೆಚ್ಚಾದರು. ಎರಿಕನನ್ನು ಅಭ್ಯಾಸಕ್ಕೆ ಕರೆಯುವುದನ್ನೇ ನಿಲ್ಲಿಸಿದರು. ಅವನಿಗೆ ಆ ಸುದ್ದಿಯನ್ನು ತಿಳಿಸುವ ಹೊರೆ ಗೆಳೆಯ ಕಾಲಿನನ ಮೇಲೆ ಬಿದ್ದಿತು. ಕಾಲಿನನೂ ಒಂದು ರಾತ್ರಿ ಬಸ್ಸಿನಲ್ಲಿ ಜಗಳವಾಗಿ ಇಳಿದು ಹೋದವನು ಮತ್ತೆ ಮೇಳದತ್ತ ಬರಲಿಲ್ಲ. ಇದರಲ್ಲಿ ನಮಗೆ ಅಪರಿಚಿತವಾದುದೇನಿದೆ? ನಮ್ಮ ಭಜನಾ ಮಂಡಳಿಗಳು, ನಾಟಕ ಸಂಘಗಳು, ಗಾಯನವೃಂದಗಳು ಒಡೆಯುವುದೂ ಹೀಗೆಯೇ. ಒಬ್ಬನನ್ನು ಕರೆಯದೆ ಬಿಡುತ್ತಾರೆ, ಇನ್ನೊಬ್ಬ ಮುನಿದು ಹೋಗುತ್ತಾನೆ, ಮತ್ತೊಬ್ಬನಿಗೆ ಕಾಯಿಲೆ, ಮಗದೊಬ್ಬನಿಗೆ ಪರಸ್ಥಳದಲ್ಲಿ ನೌಕರಿ.

ಇಲ್ಲೊಂದು ಸಣ್ಣ ಸಂಗತಿ ಹೇಳಬೇಕು. 1958ರ ಬೇಸಗೆಯಲ್ಲಿ ಉಳಿದ ಹುಡುಗರು ಹಣ ಕೂಡಿಸಿ ಲಿವರ್‌ಪೂಲಿನ ಒಂದು ಮನೆಯ ಧ್ವನಿಮುದ್ರಣ ಕೋಣೆಯಲ್ಲಿ ಒಂದು ತಟ್ಟೆ ಮಾಡಿಸಿದರು. ಇದ್ದದ್ದು ಒಂದೇ ಪ್ರತಿ. ಒಬ್ಬೊಬ್ಬರೂ ಒಂದೊಂದು ವಾರ ಮನೆಯಲ್ಲಿಟ್ಟುಕೊಳ್ಳಬೇಕೆಂದು ಒಪ್ಪಂದ. ಸರದಿ ಸುತ್ತುತ್ತ ಅದು ಪಿಯಾನೋ ಬಾರಿಸುತ್ತಿದ್ದ ಜಾನ್ ಡಫ್ ಲೋ ಎಂಬವನ ಮನೆಗೆ ಬಂದು ಅಲ್ಲಿಯೇ ನಿಂತಿತು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅದು ಅಲ್ಲಿದ್ದಿತು. 1981ರಲ್ಲಿ ಪಾಲ್ ಅದನ್ನು ಕೊಂಡುಕೊಂಡರು. ಹಾಗೆಯೇ ವೂಲ್ಟನ್ನಿನ ಆ ರಾತ್ರಿಯ ಹಾಡನ್ನು ಬಾಬ್ ಮಾಲಿನೋ ಎಂಬ ಚರ್ಚಿನ ಯುವಕ ಟೇಪಿನಲ್ಲಿ ಹಿಡಿದಿಟ್ಟಿದ್ದ. 1994ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು 78,500 ಪೌಂಡಿಗೆ ಹೋಯಿತು. ಬೆಲೆಯನ್ನು ನೋಡಿ ಬೆರಗಾಗುವುದು ಬೇಡ. ಯಾರೋ ಒಬ್ಬರು ಎಸೆಯದೆ ಇಟ್ಟುಕೊಂಡರು ಎಂಬುದೇ ಇಲ್ಲಿ ಮುಖ್ಯ.

ಈಗ ಪುನರ್ಮಿಲನದ ಮಾತು. 1997ರ ಜನವರಿಯಲ್ಲಿ ಲಿವರ್‌ಪೂಲಿನ ಕ್ಯಾವರ್ನ್ ಸಂಗೀತಶಾಲೆಗೆ ನಲವತ್ತು ತುಂಬಿದ ಸಂದರ್ಭದಲ್ಲಿ ಹಳೆಯ ಕ್ವಾರಿಮೆನ್ನರನ್ನು ಆಹ್ವಾನಿಸಲಾಯಿತು. ಐವರೂ ಬಂದರು. ಎಲ್ಲರಿಗೂ ಐವತ್ತೈದು ದಾಟಿತ್ತು. ಅವರಲ್ಲಿ ಹಲವರು ದಶಕಗಳ ಕಾಲ ವಾದ್ಯ ಮುಟ್ಟಿರಲಿಲ್ಲ. ಆದರೂ ಅದೇ ಜುಲೈಯಲ್ಲಿ, ಜಾತ್ರೆಯ ನಲವತ್ತನೆಯ ವರ್ಷದಂದು, ಅದೇ ವೂಲ್ಟನ್ನಿನಲ್ಲಿ ಅವೇ ಹಾಡುಗಳನ್ನು ಹಾಡಿದರು. ಕರೆಯದೆ ಬಿಡಲ್ಪಟ್ಟ ಎರಿಕ್ ಇದ್ದ. ಆ ಸುದ್ದಿ ತಿಳಿಸಬೇಕಾಗಿದ್ದ ಕಾಲಿನನೂ ಇದ್ದ. ಕಾಯಿಲೆಯಿಂದ ದೂರವಾಗಿದ್ದ ಲೆನ್ ಇದ್ದ. ಅದೇ ವರ್ಷ ಅವರು ಒಂದು ಧ್ವನಿಮುದ್ರಿಕೆಯನ್ನೂ ಹೊರತಂದರು. ಮುಂದೆ ದೇಶ ವಿದೇಶಗಳಲ್ಲಿ ಹಾಡಿದರು. ಬಾರದವರು ಇಬ್ಬರು: 1980ರಲ್ಲಿ ಹಂತಕನ ಗುಂಡಿಗೆ ಬಲಿಯಾದ ಜಾನ್, 1993ರಲ್ಲಿ ತೀರಿಕೊಂಡ ಐವನ್. ಆಮೇಲೆ 2005ರಲ್ಲಿ ಎರಿಕ್, 2017ರಲ್ಲಿ ಪೀಟ್ ಅಗಲಿದರು. 1997ರಲ್ಲಿ ಕೂಡದೆ ಹೋಗಿದ್ದರೆ ಅವರು ಐವರೂ ಒಂದಾಗಿ ಹಾಡಲು ಉಳಿದಿದ್ದ ಕಾಲ ಎಷ್ಟು ಕಿರಿದು ಎಂಬುದನ್ನು ಲೆಕ್ಕ ಹಾಕಿ ನೋಡಿ.

ಸಹೋದರ ಸಹೋದರಿಯರೆ, ಈ ಕಥೆಯಿಂದ ನಾವು ಪಡೆಯಬೇಕಾದುದು ಖ್ಯಾತಿಯ ಆಸೆಯನ್ನಲ್ಲ. ಆ ಐವರಿಗೆ ಗೆಳೆಯರ ಖ್ಯಾತಿ ದಕ್ಕಲಿಲ್ಲ. ಆದರೆ ಹಾಡಿನ ಮೇಲಿನ ಹಕ್ಕನ್ನು ಯಾರೂ ಕಸಿಯಲಾಗಲಿಲ್ಲ. ಬಿದರಿ ಕಸಬನ್ನು ನೀವು ಬಲ್ಲಿರಿ. ಸತು ತಾಮ್ರಗಳ ಪಾತ್ರೆಯಲ್ಲಿ ಬೆಳ್ಳಿಯ ಎಳೆ ಕೂರಿಸಿ, ನಮ್ಮ ಕೋಟೆಯ ಮಣ್ಣಿನೊಡನೆ ನವಸಾಗರ ಕಲಸಿ ಹಚ್ಚಿದರೆ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಕಪ್ಪಾಗುವುದಿಲ್ಲ. ಕಾಲವೂ ನಮಗೆ ಹಾಗೆಯೇ ಮಾಡುತ್ತದೆ. ಸಂಸಾರದ ಚಿಂತೆ, ಸಾಲ, ನೌಕರಿ, ಮುನಿಸು ಇವೆಲ್ಲ ನೆಲವನ್ನು ಕಪ್ಪಾಗಿಸುತ್ತವೆ. ಹದಿನಾರರ ವಯಸ್ಸಿನಲ್ಲಿ ಕೂರಿಸಿದ ಒಂದೆರಡು ಎಳೆ ಬೆಳ್ಳಗೇ ಉಳಿಯುತ್ತವೆ.

ನಮ್ಮ ಭಾಗದಲ್ಲಿ ಇದರ ಅಗತ್ಯ ಹೆಚ್ಚು. ಬೀದರ, ಭಾಲ್ಕಿ, ಔರಾದಗಳ ಯುವಕರು ಹತ್ತನೆಯ ತರಗತಿ ಮುಗಿಸಿದ ಮೇಲೆ ಎಷ್ಟು ಕಾಲ ಊರಿನಲ್ಲಿ ನಿಲ್ಲುತ್ತಾರೆ? ಹೈದರಾಬಾದು, ಪುಣೆ, ಮುಂಬಯಿ, ಬೆಂಗಳೂರು ಅವರನ್ನು ಕರೆದೊಯ್ಯುತ್ತವೆ. ಹಬ್ಬಕ್ಕೆ ಬಂದರೂ ಬಂದ ಬಸ್ಸಿಗೇ ತಿರುಗುವ ಅವಸರ. ಒಂದೇ ಬೆಂಚಿನ ಮೇಲೆ ಕುಳಿತವರು ಒಬ್ಬರನ್ನೊಬ್ಬರು ಕಾಣುವುದು ಮದುವೆಯಲ್ಲಿ, ಇಲ್ಲವೆ ಮಣ್ಣಿಗೆ ಬಂದಾಗ. ಸಮಾಧಿಯ ಬಳಿ ಮಾತ್ರ ಕೂಡುವ ಗೆಳೆತನ ಸಾಲದು. ಬದುಕಿರುವಾಗ ಕೂಡಲು ಒಂದು ನೆಪ ಬೇಕು. ಹಾಡಿಗಿಂತ ಒಳ್ಳೆಯ ನೆಪ ನನಗೆ ತಿಳಿಯದು.

ಹಿರಿಯರ ಆಕ್ಷೇಪಣೆಗೆ ಈಗ ಬರುತ್ತೇನೆ. ದೇವಾಲಯದ ಹತ್ತಿರ ಗಿಟಾರು, ಡ್ರಮ್ಮು ತರವೇ? ಇದನ್ನು ಎರಡಾಗಿ ಬಿಡಿಸಿ ನೋಡುವುದು ಲೇಸು. ಬಲಿಪೂಜೆಯ ಸಂಗೀತ ಒಂದು; ಉತ್ಸವದ ಸಂಜೆಯ ಸಂಗೀತ ಇನ್ನೊಂದು. ಮೊದಲನೆಯದರ ಬಗ್ಗೆ ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಪೂಜಾವಿಧಿಯ ಸಂವಿಧಾನವೇ ಮಾರ್ಗ ತೋರಿಸಿದೆ. ಪೈಪ್ ಆರ್ಗನ್ನಿಗೆ ಅದು ಹಿರಿಮೆ ಕೊಟ್ಟಿದೆ. ಇತರ ವಾದ್ಯಗಳು ಪವಿತ್ರ ಬಳಕೆಗೆ ಒಗ್ಗುವಂತಿದ್ದು, ಆಲಯದ ಘನತೆಗೆ ತಕ್ಕುದಾಗಿದ್ದು, ಭಕ್ತರ ಶ್ರದ್ಧೆಯನ್ನು ಬೆಳೆಸುವಂತಿದ್ದರೆ ಅಧಿಕಾರವುಳ್ಳವರ ಒಪ್ಪಿಗೆಯಿಂದ ಬಳಸಬಹುದೆಂದೂ ಹೇಳಿದೆ. ಆಯಾ ಜನಾಂಗದ ಸ್ವಂತ ಸಂಗೀತ ಸಂಪ್ರದಾಯಕ್ಕೆ ಗೌರವ ಸಲ್ಲಬೇಕೆಂದೂ ಅದೇ ಸಂವಿಧಾನದಲ್ಲಿದೆ. ಹಾರ್ಮೋನಿಯಂ ತಬಲಾಗಳೂ ಈ ತೆರೆದ ಬಾಗಿಲಿನಿಂದಲೇ ನಮ್ಮ ಪೂಜೆಗೆ ಬಂದವು. ಯಾವುದು ಸಲ್ಲುತ್ತದೆಂಬುದನ್ನು ನಿರ್ಣಯಿಸಲು ಗುರುಗಳಿದ್ದಾರೆ.

ಎರಡನೆಯದು ಅಂಗಳದ ಮಾತು. ಶಾಲೆಯ ಹಳೆಯ ಹಾಡುಗಳನ್ನು ಪೀಠದ ಮುಂದೆ ಹಾಡಬೇಕೆಂದು ಯಾರೂ ಕೇಳಬಾರದು. ವೂಲ್ಟನ್ನಿನ ಹುಡುಗರು ಹಾಡಿದ್ದೂ ಮೈದಾನದಲ್ಲಿ, ಸಭಾಭವನದಲ್ಲಿ. ಆದರೆ ಆ ಮೈದಾನವನ್ನು ಕೊಟ್ಟದ್ದು ಚರ್ಚು. ಅಂದು ಅಲ್ಲಿಯ ಹಿರಿಯರು, 'ಈ ಗದ್ದಲದ ಹುಡುಗರಿಗೆ ನಮ್ಮಲ್ಲಿ ಜಾಗವಿಲ್ಲ' ಎಂದಿದ್ದರೆ ಅವರು ಹೋಟೆಲಿನ ಮೂಲೆ ಹುಡುಕುತ್ತಿದ್ದರು; ಅಂಗಳ ಬರಿದಾಗಿರುತ್ತಿತ್ತು. ಮಕ್ಕಳು ಎಲ್ಲಿ ಹಾಡುತ್ತಾರೋ ಅಲ್ಲಿಗೇ ದೊಡ್ಡವರಾದ ಮೇಲೆ ಹಿಂದಿರುಗುತ್ತಾರೆ. ನಾವು ಅಂಗಳ ಕೊಡದಿದ್ದರೆ ಹಿಂದಿರುಗಲು ಅವರಿಗೆ ಸ್ಥಳವೇ ಇರುವುದಿಲ್ಲ.

ತರುಣರ ಆಕ್ಷೇಪಣೆ ಬೇರೆ. 'ಇದೆಲ್ಲ ಹಳಸಿದ್ದು, ನಮ್ಮ ಕಾಲದ್ದು ಬೇರೆ' ಎಂದು ಅವರು ಹೇಳಬಹುದು. ಮಿತ್ರರೆ, ಇಂದು ಮೊಬೈಲ್ ಫೋನಿನಲ್ಲಿ ಬೇಕಾದ ಹಾಡು ಬೇಕಾದಾಗ ದೊರೆಯುತ್ತದೆ. ಆದರೆ ಅದು ಕೇಳುವ ಹಾಡು. ನಾಲ್ಕು ಜನ ಕೂಡಿ, ತಪ್ಪಿ, ತಿದ್ದಿಕೊಂಡು, ಒಬ್ಬನ ತಾಳಕ್ಕೆ ಇನ್ನೊಬ್ಬ ಕಾದು ಹಾಡುವ ಹಾಡು ಬೇರೆ. ಅದನ್ನು ಕಲಿಯಲು ಗೆಳೆಯರೇ ಬೇಕು. ನಿಮ್ಮ ತಂದೆ ಚಿಕ್ಕಪ್ಪಂದಿರು ನರೆತ ತಲೆಯಲ್ಲಿ ಗಿಟಾರು ಹಿಡಿದು ತಡವರಿಸಿದರೆ ನಗಬೇಡಿರಿ ಎನ್ನಲಾರೆ. ನಗಿರಿ, ಆಮೇಲೆ ಹೋಗಿ ಅವರ ಪಕ್ಕದಲ್ಲಿ ನಿಂತು ಜೊತೆಗೆ ಬಾರಿಸಿರಿ.

ಇಂಥ ಕೂಟವನ್ನು ನಡೆಸಬೇಕೆನ್ನುವವರಿಗೆ ನಾಲ್ಕು ಸೂಚನೆಗಳನ್ನು ಕೊಡಬಯಸುತ್ತೇನೆ.

ಮೊದಲನೆಯದು, ಯಾರನ್ನೂ ಬಿಡದೆ ಕರೆಯಿರಿ. ಚೆನ್ನಾಗಿ ಬಾರಿಸುತ್ತಿದ್ದವನಿಗಿಂತ ಮುಂಚೆ, ಮುನಿಸಿಕೊಂಡು ಹೋದವನ ಮನೆಗೆ ಹೋಗಿರಿ. ಪತ್ರವಾಗಲಿ ಫೋನಾಗಲಿ ಸಾಲದು. ಇಬ್ಬರು ಸೇರಿ ಹೋಗಿ ಕರೆಯಿರಿ. ಅವನು ಬಾರದಿದ್ದರೂ ಕರೆದದ್ದು ಉಳಿಯುತ್ತದೆ.

ಎರಡನೆಯದು, ಶ್ರುತಿಯನ್ನು ಇಳಿಸಿಕೊಳ್ಳಿರಿ. ಹದಿನಾರರ ಕಂಠ ಐವತ್ತೈದರಲ್ಲಿ ಇರುವುದಿಲ್ಲ. ಒಂದೆರಡು ಸ್ವರ ಕೆಳಗಿನಿಂದ ಹಾಡಿದರೆ ಹಾಡಿನ ಮಾನ ಹೋಗುವುದಿಲ್ಲ. ಹಳೆಯ ಶ್ರುತಿಯಲ್ಲಿ ಕಿರುಚಿದರೆ ಹೋಗುತ್ತದೆ. ಐದಾರು ಹಾಡು ಸಾಕು, ಅಭ್ಯಾಸ ಮಾತ್ರ ಹೆಚ್ಚಿರಲಿ. ಬೆರಳಿನ ಚರ್ಮ ಮತ್ತೆ ಗಟ್ಟಿಯಾಗಲು ಕೆಲವು ವಾರಗಳೇ ಹಿಡಿಯುತ್ತವೆ.

ಮೂರನೆಯದು, ಹೆಣ್ಣುಮಕ್ಕಳನ್ನು ಮರೆಯಬೇಡಿರಿ. ಶಾಲೆಯ ಪ್ರಾರ್ಥನೆಯಲ್ಲಿ ಮುಂದೆ ನಿಂತು ಹಾಡುತ್ತಿದ್ದ ಅಕ್ಕತಂಗಿಯರು ಮದುವೆಯಾಗಿ ಬೇರೆ ಊರು ಸೇರಿರುತ್ತಾರೆ. ಹಳೆಯ ಮೇಳವೆಂದರೆ ಗಂಡಸರ ಮೇಳವೆಂದೇ ಎಣಿಸುವುದು ನಮ್ಮ ರೂಢಿಯಾಗಿ ಹೋಗಿದೆ. ಅವರನ್ನು ತವರಿಗೆ ಕರೆಯುವಂತೆ ಕರೆದು ತನ್ನಿರಿ.

ನಾಲ್ಕನೆಯದು, ಹಾಡಿದ್ದನ್ನು ಮುದ್ರಿಸಿಡಿರಿ. ಹಳೆಯ ಭಾವಚಿತ್ರಗಳ ಹಿಂದೆ ಹೆಸರು, ವರ್ಷ, ಊರು ಬರೆದಿಡಿರಿ. ಒಂದು ತಟ್ಟೆಯನ್ನು ಒಬ್ಬ ಪಿಯಾನೋ ವಾದಕ ಜೋಪಾನ ಮಾಡಿದ್ದರಿಂದ, ಒಂದು ಟೇಪನ್ನು ಒಬ್ಬ ಯುವಕ ಎಸೆಯದೆ ಇದ್ದುದರಿಂದ ಎರಡು ಗಳಿಗೆಗಳು ಉಳಿದುಕೊಂಡವು. ನಮ್ಮ ಮನೆಗಳ ಕಪಾಟಿನಲ್ಲಿ, ಟ್ರಂಕಿನಲ್ಲಿ ಹಳೆಯ ಕ್ಯಾಸೆಟ್ಟುಗಳು ಬೂಸರು ಹಿಡಿಯುತ್ತಿವೆ. ಅವುಗಳ ಸುರುಳಿ ಅಂಟಿಕೊಂಡು ಹಾಳಾಗುವ ಮುನ್ನ ಬಲ್ಲವರಿಗೆ ಒಪ್ಪಿಸಿ ಹೊಸ ಮಾಧ್ಯಮಕ್ಕೆ ಇಳಿಸಿಕೊಳ್ಳಿರಿ.

ಕಡೆಯದಾಗಿ ಬಾರದವರ ಮಾತು. ಯಾವ ಹಳೆಯ ಮೇಳವೂ ಪೂರ್ತಿಯಾಗಿ ಮತ್ತೆ ಕೂಡುವುದಿಲ್ಲ. ಒಬ್ಬನ ಜಾಗ ತೆರವಾಗಿರುತ್ತದೆ. ಅದನ್ನು ಮುಚ್ಚಿಹಾಕಲು ಹೋಗಬೇಡಿರಿ. ಅವನ ಹೆಸರು ಹೇಳಿ, ಅವನು ಬಾರಿಸುತ್ತಿದ್ದ ಸ್ಥಳದಲ್ಲಿ ಒಂದು ಕ್ಷಣ ಮೌನವಾಗಿದ್ದು ಮುಂದುವರಿಯಿರಿ. ಅವನ ಮಗನೋ ಮಗಳೋ ಸಭೆಯಲ್ಲಿದ್ದರೆ ಅವರ ಕೈಗೆ ತಾಳ ಕೊಡಿರಿ. ಅಗಲಿದವರನ್ನು ನಾವು ಪ್ರತಿ ಪೂಜೆಯಲ್ಲಿಯೂ ನೆನೆಯುವವರು. ಅಂಗಳದ ಹಾಡಿನಲ್ಲಿಯೂ ನೆನೆದರೆ ತಪ್ಪೇನು?

ನೂರು ವರ್ಷಗಳ ಹಿಂದೆ ಇಲ್ಲಿ ಮೊದಲು ಕೂಡಿದವರು ಪ್ರಾರ್ಥನೆಗಾಗಿ ಕೂಡಿದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇಂದು ಹಲವು ಊರುಗಳಲ್ಲಿ ಹರಡಿದ್ದಾರೆ. ಅವರನ್ನು ಒಂದು ಸಂಜೆ ಈ ಅಂಗಳಕ್ಕೆ ಕರೆತರುವುದು ಒಂದು ಹಳೆಯ ಹಾಡಿನಿಂದ ಸಾಧ್ಯವಾಗುವುದಾದರೆ, ಆ ಹಾಡನ್ನು ಹಗುರವೆಂದು ತಳ್ಳಿಹಾಕದಿರೋಣ.